ಕಂಟ್ರಿ ಸಂಗೀತ: ಇಷ್ಟು ಜನ ಕೇಳುತ್ತಾರೆ, ಇಷ್ಟು ಜನ ಬೈಯುತ್ತಾರೆ

2023ರ ಆಗಸ್ಟ್ ಮೊದಲ ವಾರದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಾರದ ಜನಪ್ರಿಯ ಹಾಡುಗಳ 'ಹಾಟ್ 100' ಪಟ್ಟಿಯ ಮೊದಲ ಮೂರೂ ಸ್ಥಾನಗಳಲ್ಲಿ ಕಂಟ್ರಿ ಹಾಡುಗಳೇ, ಅಂದರೆ ಅಮೆರಿಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಬೇರುಬಿಟ್ಟ ಸಂಗೀತದ ಹಾಡುಗಳೇ, ಇದ್ದವು. 1958ರಲ್ಲಿ ಶುರುವಾದ ಆ ಪಟ್ಟಿಯಲ್ಲಿ ಅದುವರೆಗೆ ಹಾಗಾದದ್ದೇ ಇಲ್ಲ. ಒಂದನೆಯದು ಜೇಸನ್ ಆಲ್ಡೀನ್ ಹಾಡಿದ 'ಟ್ರೈ ದಟ್ ಇನ್ ಎ ಸ್ಮಾಲ್ ಟೌನ್', ಎರಡನೆಯದು ಮಾರ್ಗನ್ ವಾಲನ್ ಅವರ 'ಲಾಸ್ಟ್ ನೈಟ್', ಮೂರನೆಯದು ಲ್ಯೂಕ್ ಕೋಮ್ಸ್ ಹಾಡಿದ 'ಫಾಸ್ಟ್ ಕಾರ್'. ಕಂಟ್ರಿ ಉದ್ಯಮದ ತವರಾದ ನ್ಯಾಶ್‌ವಿಲ್‌ ನಗರಕ್ಕೆ ಅದು ಹಬ್ಬದ ವಾರ. ಅದೇ ವಾರ ಈ ಮೂರೂ ಹಾಡುಗಳ ಸುತ್ತ ವಾದ ನಡೆಯುತ್ತಿತ್ತು.

ಆಲ್ಡೀನ್ ಹಾಡಿನ ವಿಡಿಯೊ ಚಿತ್ರೀಕರಣವಾದದ್ದು ಟೆನೆಸಿ ರಾಜ್ಯದ ಕೊಲಂಬಿಯಾ ಊರಿನ ಮೋರಿ ಕೌಂಟಿ ನ್ಯಾಯಾಲಯದ ಎದುರು. 1927ರಲ್ಲಿ ಹೆನ್ರಿ ಚೋಟ್ ಎಂಬ 18 ವರ್ಷದ ಕಪ್ಪುವರ್ಣೀಯ ಹುಡುಗನನ್ನು ಬಿಳಿಯರ ಗುಂಪು ಎಳೆದು ತಂದು ನೇಣು ಹಾಕಿದ್ದು ಅದೇ ಕಟ್ಟಡದಲ್ಲಿ. ದೊಡ್ಡ ನಗರಗಳಲ್ಲಿ ನಡೆಸುವ ಪುಂಡಾಟವನ್ನು ನಮ್ಮ ಚಿಕ್ಕ ಊರಿಗೆ ಬಂದು ಮಾಡಿ ನೋಡಿ ಎಂದು ಸವಾಲು ಹಾಕುವ ಹಾಡನ್ನು ಅಲ್ಲಿ ನಿಂತು ಹಾಡಿದಾಗ ಅದಕ್ಕೆ ಯಾವ ಅರ್ಥ ಬರುತ್ತದೆ ಎಂದು ಅನೇಕರು ಕೇಳಿದರು. ಹಾಡಿನಲ್ಲಿ ಜನಾಂಗದ ಮಾತೇ ಇಲ್ಲ ಎಂಬುದು ಆಲ್ಡೀನ್ ಅವರ ಉತ್ತರ. ಸಿಎಂಟಿ ಎಂಬ ಕಂಟ್ರಿ ಸಂಗೀತದ ಟಿವಿ ವಾಹಿನಿ ವಿಡಿಯೊವನ್ನು ತೆಗೆದುಹಾಕಿತು, ಹಾಡು ಮೇಲೇರಿ ಮೊದಲ ಸ್ಥಾನದಲ್ಲಿ ಕೂತಿತು. ಎರಡನೆಯ ಹಾಡಿನ ವಾಲನ್, 2021ರ ಆರಂಭದಲ್ಲಿ ಕಪ್ಪುವರ್ಣೀಯರನ್ನು ಹೀನಾಯಿಸುವ ಪದವನ್ನು ಕೂಗಿ ಕ್ಯಾಮೆರಾಗೆ ಸಿಕ್ಕಿಬಿದ್ದಿದ್ದರು. ಮೂರನೆಯದು ಟ್ರೇಸಿ ಚಾಪ್‌ಮನ್ ಎಂಬ ಕಪ್ಪುವರ್ಣೀಯ ಗಾಯಕಿ 1988ರಲ್ಲಿ ತಾವೇ ಬರೆದು ಹಾಡಿದ್ದ ಹಾಡು. ಅದು ಕಂಟ್ರಿ ರೇಡಿಯೊದ ಬಾಗಿಲು ದಾಟಲು 35 ವರ್ಷ ಹಿಡಿಯಿತು, ಬಿಳಿಯ ಗಂಡಸಿನ ದನಿಯೂ ಬೇಕಾಯಿತು.

ಇಷ್ಟು ಜನಪ್ರಿಯವಾದ ಸಂಗೀತವನ್ನು ಜನ ಯಾಕೆ ಬೈಯುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, 'ಈಗಿನದು ಕಂಟ್ರಿಯೇ ಅಲ್ಲ, ಬರೀ ಪಾಪ್' ಎಂಬುದು. ನನಗೆ ಈ ಉತ್ತರ ಸಾಲದು. ಆ ದೂರು ತುಂಬ ಹಳೆಯದು, ಬಹುಮಟ್ಟಿಗೆ ಅನ್ಯಾಯದ್ದೂ ಹೌದು. ಅದರ ಕೆಳಗೆ ಇನ್ನೊಂದು ಗಟ್ಟಿ ದೂರಿದೆ. ತಾನು ಸಾಮಾನ್ಯ ಜನರ ಬದುಕಿನ ದನಿ ಎಂದು ಹೇಳಿಕೊಳ್ಳುವ ಸಂಗೀತ, ಆ ಜನರಲ್ಲಿ ಯಾರ ಬದುಕು ಹಾಡಾಗಬಹುದು ಎಂಬುದನ್ನು ಕೆಲವೇ ಕಂಪನಿಗಳ ಕೈಗೆ ಬಿಟ್ಟುಕೊಟ್ಟಿದೆ ಎಂಬ ದೂರು ಅದು. ಇವೆರಡನ್ನೂ ಬೇರೆ ಮಾಡಿ ನೋಡಬೇಕು.

ಹಳೆಯ ದೂರಿನಿಂದಲೇ ಶುರುಮಾಡೋಣ. ಕಂಟ್ರಿ ಎಂದೂ ಶುದ್ಧವಾಗಿರಲಿಲ್ಲ. ಅದರ ಪಿಟೀಲು ಬಂದದ್ದು ಬ್ರಿಟನ್, ಐರ್ಲೆಂಡ್‌ನಿಂದ ವಲಸೆ ಬಂದವರ ಜೊತೆ. ಬ್ಯಾಂಜೊದ ಮೂಲ ಪಶ್ಚಿಮ ಆಫ್ರಿಕ. ಅಲ್ಲಿಂದ ಗುಲಾಮರಾಗಿ ಹಿಡಿದು ತಂದವರ ನೆನಪಿನಿಂದ ಅದು ಅಮೆರಿಕದ ನೆಲದಲ್ಲಿ ಹುಟ್ಟಿತು. ಸ್ಟೀಲ್ ಗಿಟಾರ್ ಹವಾಯಿ ದ್ವೀಪಗಳ ಕೊಡುಗೆ. 1927ರ ಬೇಸಿಗೆಯಲ್ಲಿ ಟೆನೆಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಧ್ವನಿಮುದ್ರಣಕ್ಕೆ ಕೂತಾಗ ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಕೂಡ ಅಲ್ಲಿಗೆ ಬಂದು ಹಾಡಿದರು. ಆಧುನಿಕ ಕಂಟ್ರಿ ಅಲ್ಲಿ ಹುಟ್ಟಿತು ಎನ್ನುವವರಿದ್ದಾರೆ. ರಾಜರ್ಸ್ ಹಾಡುತ್ತಿದ್ದದ್ದರಲ್ಲಿ ಕಪ್ಪುವರ್ಣೀಯರ ಬ್ಲೂಸ್ ಸಂಗೀತ ಎಷ್ಟಿತ್ತೆಂದರೆ, ಶುದ್ಧಿಯ ಅಳತೆಗೋಲು ಹಿಡಿದರೆ ಮೊದಲ ತಾರೆಯೇ ಅನುತ್ತೀರ್ಣ. ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ಕಾರ್ಯಕ್ರಮ 1925ರಲ್ಲಿ ಆರಂಭವಾದದ್ದು ಒಂದು ವಿಮಾ ಕಂಪನಿ ನಡೆಸುತ್ತಿದ್ದ ರೇಡಿಯೊ ಕೇಂದ್ರದಲ್ಲಿ. ವ್ಯಾಪಾರವೂ ಬೆರಕೆಯೂ ಮೊದಲ ದಿನದಿಂದ ಇದ್ದವು.

'ಹಾಳಾಯಿತು' ಎಂಬ ಕೂಗೂ ಅಷ್ಟೇ ಹಳೆಯದು. 1950ರ ದಶಕದ ಕೊನೆಗೆ ರಾಕ್ ಅಂಡ್ ರೋಲ್ ಯುವಕರನ್ನು ಸೆಳೆದುಕೊಂಡಾಗ ಚೆಟ್ ಆಟ್ಕಿನ್ಸ್, ಓವೆನ್ ಬ್ರಾಡ್ಲಿಯಂಥ ನಿರ್ಮಾಪಕರು ಹಳ್ಳಿ ಶೈಲಿಯ ಪಿಟೀಲನ್ನು ಹಿಂದೆ ಸರಿಸಿ ಆರ್ಕೆಸ್ಟ್ರಾದ ವಯಲಿನ್ ವೃಂದವನ್ನೂ ಮೆದು ಹಿನ್ನೆಲೆ ಗಾಯನವನ್ನೂ ತಂದರು. ಹಳಬರು ಸಿಟ್ಟಾದರು. ಆದರೆ ಆ ಹೊಸ ಅಚ್ಚಿನಿಂದಲೇ ಪ್ಯಾಟ್ಸಿ ಕ್ಲೈನ್ ಅವರ ದನಿ ಜಗತ್ತಿಗೆ ಕೇಳಿಸಿತು. ಇಂದು ಅದನ್ನು ಯಾರೂ ನಕಲಿ ಎನ್ನುವುದಿಲ್ಲ. 1974ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್, ಅಂದರೆ ಸಿಎಂಎ, ಆಸ್ಟ್ರೇಲಿಯಾದಲ್ಲಿ ಬೆಳೆದ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಅವರಿಗೆ ವರ್ಷದ ಗಾಯಕಿ ಪ್ರಶಸ್ತಿ ಕೊಟ್ಟಾಗ ಹಿರಿಯ ಕಲಾವಿದರು ಜಾರ್ಜ್ ಜೋನ್ಸ್, ಟ್ಯಾಮಿ ವೈನೆಟ್ ದಂಪತಿಯ ಮನೆಯಲ್ಲಿ ಸೇರಿ ಬೇರೆ ಸಂಘವನ್ನೇ ಕಟ್ಟಿದರು. ಮರುವರ್ಷ ಸಿಎಂಎ ವೇದಿಕೆಯಲ್ಲಿ ಗಾಯಕ ಚಾರ್ಲಿ ರಿಚ್, ಪ್ರಶಸ್ತಿ ಗೆದ್ದ ಪಾಪ್ ಛಾಪಿನ ಜಾನ್ ಡೆನ್ವರ್ ಹೆಸರಿದ್ದ ಚೀಟಿಗೆ ಲೈಟರ್ ಹಚ್ಚಿದರು. ಇಡೀ ದೇಶ ಟಿವಿಯಲ್ಲಿ ಅದನ್ನು ನೋಡಿತು.

ಹೀಗಾಗಿ 'ಡ್ರಮ್ ಮಷಿನ್ ಬಂತು, ರ‍್ಯಾಪ್ ಬಂತು, ಕಂಟ್ರಿ ಸತ್ತಿತು' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಾರ್ಜಿಯಾದ ಚಿಕ್ಕ ಊರಿನಲ್ಲಿ 1990ರ ದಶಕದಲ್ಲಿ ಬೆಳೆದ ಹುಡುಗನ ಕಾರಿನಲ್ಲಿ ಕಂಟ್ರಿ ಕ್ಯಾಸೆಟ್ಟೂ ಇತ್ತು, ಹಿಪ್‌ಹಾಪ್ ಕ್ಯಾಸೆಟ್ಟೂ ಇತ್ತು. ಅವನು ಹಾಡು ಕಟ್ಟಿದರೆ ಎರಡೂ ಬರುತ್ತವೆ, ಬರಲೇಬೇಕು.

ಆದರೂ 2012ರ ನಂತರ ಏನೋ ಬದಲಾಯಿತು ಎಂಬುದು ನಿಜ. ಆ ವರ್ಷ ಫ್ಲೋರಿಡಾ ಜಾರ್ಜಿಯಾ ಲೈನ್ ಜೋಡಿಯ 'ಕ್ರೂಸ್' ಬಂತು. ಅದೇ ಅಕ್ಟೋಬರ್‌ನಲ್ಲಿ ಬಿಲ್‌ಬೋರ್ಡ್ ತನ್ನ 'ಹಾಟ್ ಕಂಟ್ರಿ ಸಾಂಗ್ಸ್' ಪಟ್ಟಿಯ ಲೆಕ್ಕಾಚಾರ ಬದಲಿಸಿತು. ಅಲ್ಲಿಯವರೆಗೆ ಕಂಟ್ರಿ ರೇಡಿಯೊದಲ್ಲಿ ಎಷ್ಟು ಸಲ ಬಂತು ಎಂಬುದಷ್ಟೇ ಗಣನೆಗೆ ಬರುತ್ತಿತ್ತು. ಇನ್ನು ಮುಂದೆ ಡಿಜಿಟಲ್ ಮಾರಾಟ, ಸ್ಟ್ರೀಮಿಂಗ್, ಪಾಪ್ ರೇಡಿಯೊ ಎಲ್ಲವೂ ಸೇರಿದವು. ಅಂದರೆ ಪಾಪ್ ಕೇಳುಗರನ್ನೂ ಸೆಳೆಯಬಲ್ಲ ಹಾಡಿಗೆ ಕಂಟ್ರಿ ಪಟ್ಟಿಯಲ್ಲೇ ಮೇಲುಗೈ. ನೆಲ್ಲಿ ಎಂಬ ರ‍್ಯಾಪರ್ ಜೊತೆಗಿನ ಮರುರೂಪ ಬಂದ ಮೇಲೆ 'ಕ್ರೂಸ್' ಒಟ್ಟು 24 ವಾರ ಆ ಪಟ್ಟಿಯ ತುದಿಯಲ್ಲಿತ್ತು. ಎಲ್ಲರೂ ಅದೇ ಅಚ್ಚಿಗೆ ಎರಕ ಹೊಯ್ಯತೊಡಗಿದರು: ಪಿಕಪ್ ಟ್ರಕ್, ಮಣ್ಣಿನ ರಸ್ತೆ, ತಣ್ಣನೆಯ ಬಿಯರ್, ಹುಣ್ಣಿಮೆ, ಬಿಗಿ ಜೀನ್ಸ್ ತೊಟ್ಟ ಹೆಸರಿಲ್ಲದ ಹುಡುಗಿ. ವಿಮರ್ಶಕ ಜೋಡಿ ರೋಸನ್ 2013ರಲ್ಲಿ ಇದಕ್ಕೆ 'ಬ್ರೋ-ಕಂಟ್ರಿ' ಎಂದು ಹೆಸರಿಟ್ಟರು, ಅದು ಅಂಟಿಕೊಂಡಿತು. ಕಂಟ್ರಿ ತಾರೆಯೇ ಆದ ಜಾಕ್ ಬ್ರೌನ್, ಲ್ಯೂಕ್ ಬ್ರಯನ್ ಅವರ ಒಂದು ಹಾಡನ್ನು ತಾನು ಕೇಳಿದ ಅತಿ ಕೆಟ್ಟ ಹಾಡು ಎಂದು ಬಹಿರಂಗವಾಗಿ ಹೇಳಿದರು. 2015ರ ಆರಂಭದಲ್ಲಿ ಒಂದು ವಿಡಿಯೊ ಹಬ್ಬಿತು. ಬೇರೆ ಬೇರೆ ಗಾಯಕರ ಆರು ಹಿಟ್ ಹಾಡುಗಳನ್ನು ಅದರಲ್ಲಿ ಒಂದರ ಮೇಲೊಂದು ಕೂರಿಸಿದ್ದರು. ಶ್ರುತಿಯನ್ನೂ ವೇಗವನ್ನೂ ಸ್ವಲ್ಪ ಹೊಂದಿಸಿದ್ದೇ ತಡ, ಚರಣ, ಪಲ್ಲವಿ, ಗಿಟಾರಿನ ಬಿಡಿ ನುಡಿಸಾಣಿಕೆ, ಆಮೇಲಿನ ಮೌನ ಎಲ್ಲ ಒಂದೇ ಕ್ಷಣಕ್ಕೆ ಬಂದು ಸೇರುತ್ತಿದ್ದವು.

ಒಂದೇ ಥರದ ಹಾಡು ಬರೆಯುವಂತೆ ಇವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಹಾಗೆ ಬರೆಯದವನಿಗೆ ಬಾಡಿಗೆ ಕಟ್ಟಲಾಗದ ಸ್ಥಿತಿ ಬಂದಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಮೊದಲು ರೇಡಿಯೊ. 1996ರ ದೂರಸಂಪರ್ಕ ಕಾಯ್ದೆ ಬರುವ ಮುನ್ನ ಅಮೆರಿಕದಲ್ಲಿ ಒಂದು ಕಂಪನಿ ದೇಶದಾದ್ಯಂತ ಗರಿಷ್ಠ 20 ಎಎಂ, 20 ಎಫ್ಎಂ ಕೇಂದ್ರಗಳನ್ನು ಇಟ್ಟುಕೊಳ್ಳಬಹುದಿತ್ತು. ಕಾಯ್ದೆ ಆ ಮಿತಿಯನ್ನೇ ತೆಗೆಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಯಲ್ಲಿ ಸುಮಾರು 1200 ಕೇಂದ್ರಗಳಿದ್ದವು. ಮುಂಚೆ ಊರಿನ ಡಿಜೆ ತನಗೆ ಹಿಡಿಸಿದ ಹೊಸ ಹಾಡನ್ನು ಹಾಕಿ ನೋಡುತ್ತಿದ್ದ, ಪಕ್ಕದ ಊರಿನವನು ಅದನ್ನು ಕೇಳಿ ತಾನೂ ಹಾಕುತ್ತಿದ್ದ. ಆಮೇಲೆ ಯಾವ ಹಾಡು ದಿನಕ್ಕೆ ಎಷ್ಟು ಸಲ ಬರಬೇಕು ಎಂಬುದು ದೂರದ ಕಚೇರಿಯಲ್ಲಿ ತೀರ್ಮಾನವಾಗತೊಡಗಿತು. ಹಾಡಿನ ಕೆಲವು ಸೆಕೆಂಡುಗಳ ತುಣುಕನ್ನು ಕೇಳುಗರಿಗೆ ಕೇಳಿಸಿ ಅಂಕ ಹಾಕಿಸುವುದು ಇಲ್ಲಿನ ಪರೀಕ್ಷಾ ಪದ್ಧತಿ. ಜಾಹೀರಾತು ಮಾರುವ ರೇಡಿಯೊಗೆ ಬೇಕಾದದ್ದು ಕೇಳುಗ ಕಾರಿನಲ್ಲಿ ಸ್ಟೇಷನ್ ಬದಲಿಸದೆ ಇರುವುದು. ಹತ್ತರಲ್ಲಿ ಮೂವರು ಹುಚ್ಚಾಗಿ ಮೆಚ್ಚಿ ಮೂವರು ಕಿರಿಕಿರಿಗೊಳ್ಳುವ ಹಾಡು ಅದಕ್ಕೆ ಅಪಾಯ. ಹತ್ತೂ ಮಂದಿಗೆ ಪರವಾಗಿಲ್ಲ ಎನಿಸುವ ಹಾಡು ಲಾಭ. ಇಂಥ ಜರಡಿಯಲ್ಲಿ ಹೊಸ ಹಾಡೊಂದು ರೇಡಿಯೊ ಪಟ್ಟಿಯ ತುದಿ ಮುಟ್ಟಲು ವರ್ಷವೇ ಹಿಡಿಯುವುದುಂಟು.

ಎರಡನೆಯದು ಬರೆಯುವವರ ಹೊಟ್ಟೆಪಾಡು. ನ್ಯಾಶ್‌ವಿಲ್‌ನ ಮ್ಯೂಸಿಕ್ ರೋ ಬಡಾವಣೆಯಲ್ಲಿ ಹಾಡು ಬರೆಯುವುದು ಹತ್ತು ಗಂಟೆಗೆ ಹೋಗಿ ಕೂರುವ ಕೆಲಸ. ಇಬ್ಬರು ಮೂವರು ಒಂದು ಕೋಣೆಯಲ್ಲಿ ಕೂತು ಸಂಜೆಯೊಳಗೆ ಒಂದು ಹಾಡು ಮುಗಿಸುತ್ತಾರೆ. ಈಗ ಅವರಲ್ಲೊಬ್ಬ ಲ್ಯಾಪ್‌ಟಾಪ್‌ನಲ್ಲಿ ತಾಳ ಕಟ್ಟುವವನು. ಸಿಡಿ ಕಾಲದಲ್ಲಿ ಇವರಿಗೊಂದು ಆಸರೆ ಇತ್ತು. 2006ರಿಂದ 2022ರವರೆಗಿನ ಕಾನೂನುಬದ್ಧ ದರದಂತೆ ಮಾರಾಟವಾದ ಒಂದೊಂದು ಪ್ರತಿಯ ಒಂದೊಂದು ಹಾಡಿಗೂ 9.1 ಸೆಂಟ್ ಸಿಗುತ್ತಿತ್ತು. ಹತ್ತು ಲಕ್ಷ ಪ್ರತಿ ಹೋದ ಆಲ್ಬಂನಲ್ಲಿ ಒಂಬತ್ತನೆಯ ಹಾಡು ನಿಮ್ಮದಾಗಿದ್ದರೆ, ಅದು ರೇಡಿಯೊದಲ್ಲಿ ಒಮ್ಮೆಯೂ ಬರದಿದ್ದರೂ 91,000 ಡಾಲರ್ ಹುಟ್ಟುತ್ತಿತ್ತು; ಬರೆದವರೂ ಪ್ರಕಾಶಕರೂ ಅದನ್ನು ಹಂಚಿಕೊಳ್ಳುತ್ತಿದ್ದರು. ಹಿಟ್ ಹಾಡಿನ ಬೆನ್ನೇರಿ ತಂದೆಯ ಸಾವಿನ ಹಾಡು, ಸಾಲದಲ್ಲಿ ಹೋದ ಜಮೀನಿನ ಹಾಡು, ಒಡೆದ ಸಂಸಾರದ ಹಾಡು ಕೂಡ ಮನೆ ಸೇರುತ್ತಿದ್ದವು, ಬರೆದವನ ಮನೆಯ ಒಲೆಯೂ ಉರಿಯುತ್ತಿತ್ತು. ಸ್ಟ್ರೀಮಿಂಗ್‌ನಲ್ಲಿ ಕೇಳಿದ ಹಾಡಿಗಷ್ಟೇ ದುಡ್ಡು. ಒಂಬತ್ತನೆಯ ಹಾಡಿನ ಆದಾಯ ಕರಗಿಹೋಯಿತು. ಜೀವನೋಪಾಯಕ್ಕೆ ಉಳಿದದ್ದು ಒಂದೇ ದಾರಿ, ರೇಡಿಯೊ ಹಿಟ್. ಆಗ ಮೂವರೂ ಕೂತು ಜರಡಿಯಲ್ಲಿ ದಾಟುವಂಥದ್ದನ್ನೇ ಬರೆಯುತ್ತಾರೆ. ಟ್ರಕ್ಕು, ಬಿಯರು, ಹುಣ್ಣಿಮೆ ಹೀಗೆ ಬಂದವು. ಅವನ್ನು ಬರೆದವರಲ್ಲಿ ಅನೇಕರು ಬಹಳ ಒಳ್ಳೆಯ ಬರಹಗಾರರು ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಹಾಡುಗಳು ಏಕರೂಪವಾದದ್ದು ರುಚಿಯ ಪ್ರಶ್ನೆ ಎಂದು ಬಿಡಬಹುದು. ಯಾರು ಹೊರಗುಳಿದರು ಎಂಬುದನ್ನು ಹಾಗೆ ಬಿಡಲಾಗದು. 2015ರ ಮೇ ತಿಂಗಳಲ್ಲಿ ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ ಉದ್ಯಮದ ಪತ್ರಿಕೆಯೊಂದಕ್ಕೆ, ಕೇಳುಗರ ಸಂಖ್ಯೆ ಹೆಚ್ಚಬೇಕಾದರೆ ಹೆಣ್ಣು ದನಿಗಳನ್ನು ತೆಗೆಯಿರಿ ಎಂದರು. ಕಂಟ್ರಿ ಎಂಬ ಸಲಾಡ್‌ನಲ್ಲಿ ಗಂಡಸರು ಲೆಟಿಸ್ ಸೊಪ್ಪು, ಹೆಂಗಸರು ಅಲ್ಲಲ್ಲಿ ಹಾಕುವ ಟೊಮೆಟೊ ಎಂಬ ಅವರ ಮಾತು 'ಟೊಮೆಟೊ ಪ್ರಕರಣ' ಎಂದೇ ಹೆಸರಾಯಿತು. ಅವರು ಹೇಳಿದ್ದು ಕೇಂದ್ರಗಳು ಆಗಲೇ ನಡೆಸಿಕೊಂಡು ಬಂದದ್ದನ್ನೇ. ಇಬ್ಬರು ಗಾಯಕಿಯರ ಹಾಡನ್ನು ಒಂದಾದ ಮೇಲೊಂದು ಹಾಕಬಾರದು ಎಂಬ ಅಲಿಖಿತ ನಿಯಮವಿತ್ತು; 2020ರಲ್ಲೂ ಮಿಶಿಗನ್‌ನ ಒಂದು ಕೇಂದ್ರ ಇದನ್ನು ಬಹಿರಂಗವಾಗಿ ಬರೆದು ಟೀಕೆಗೆ ಗುರಿಯಾಯಿತು. ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದ ಸಂಶೋಧಕಿ ಜಾಡಾ ವಾಟ್ಸನ್ ಕಂಟ್ರಿ ರೇಡಿಯೊದ ವಾರ್ಷಿಕ ಪಟ್ಟಿಗಳನ್ನು ಲೆಕ್ಕ ಹಾಕಿ ನೋಡಿದಾಗ, 2000ದಲ್ಲಿ ಶೇ 33ರಷ್ಟಿದ್ದ ಗಾಯಕಿಯರ ಹಾಡುಗಳು 2018ಕ್ಕೆ ಶೇ 11ಕ್ಕೆ ಇಳಿದಿದ್ದವು. ಕಿಟ್ಟಿ ವೆಲ್ಸ್, ಲೊರೆಟಾ ಲಿನ್, ಡಾಲಿ ಪಾರ್ಟನ್ ಅವರನ್ನು ಕೊಟ್ಟ ಸಂಗೀತವಿದು! ಬಸುರು, ಬಾಣಂತನ, ಕುಡುಕ ಗಂಡ, ಎರಡು ಪಾಳಿಯ ದುಡಿಮೆ ಇವನ್ನೆಲ್ಲ ಹೆಸರಿಟ್ಟು ಹಾಡಿದ ಪರಂಪರೆಯಲ್ಲಿ ಹೆಣ್ಣು ಕೊನೆಗೆ ಟ್ರಕ್ಕಿನ ಪಕ್ಕದ ಸೀಟಿನಲ್ಲಿ ಕೂತ ಜೀನ್ಸ್ ಆಗಿ ಉಳಿದಳು. 2014ರಲ್ಲಿ ಮ್ಯಾಡಿ ಅಂಡ್ ಟೇ ಎಂಬ ಇಬ್ಬರು ಯುವತಿಯರು ಇದನ್ನೇ ಎತ್ತಿ ಆಡಿ ತೋರಿಸುವ ಹಾಡು ಮಾಡಿದರು. ಅದು ರೇಡಿಯೊದಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಪದ್ಧತಿ ಬದಲಾಗಲಿಲ್ಲ.

ರೇಡಿಯೊ ಯಾರನ್ನು ಕ್ಷಮಿಸುತ್ತದೆ ಎಂಬುದೂ ಇಲ್ಲೇ ಕಾಣುತ್ತದೆ. 2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧದ ಹೊಸ್ತಿಲಲ್ಲಿ, ಡಿಕ್ಸೀ ಚಿಕ್ಸ್ ಎಂಬ ಮೂವರು ಮಹಿಳೆಯರ ಕಂಟ್ರಿ ತಂಡದ ನ್ಯಾಟಲಿ ಮೇನ್ಸ್ ಲಂಡನ್‌ನ ವೇದಿಕೆಯಲ್ಲಿ ಅಧ್ಯಕ್ಷ ಬುಷ್ ನಮ್ಮ ಟೆಕ್ಸಸ್‌ನವರು ಎಂಬುದಕ್ಕೆ ನಾಚಿಕೆಯಾಗುತ್ತದೆ ಎಂದರು. ಆಗ ಅವರ ಹಾಡು ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು. ಕೇಂದ್ರಗಳು ಅವರನ್ನು ಒಂದೇ ಏಟಿಗೆ ಕಿತ್ತುಹಾಕಿದವು. 2007ರಲ್ಲಿ ಐದು ಗ್ರ್ಯಾಮಿ ಗೆದ್ದ ಮೇಲೂ ಆ ಬಾಗಿಲು ತೆರೆಯಲಿಲ್ಲ. 2021ರಲ್ಲಿ ವಾಲನ್ ಅವರನ್ನೂ ದೊಡ್ಡ ಕಂಪನಿಗಳ ಕೇಂದ್ರಗಳು ತೆಗೆದುಹಾಕಿದ್ದು ಹೌದು. ಆದರೆ ಅವರ ಆಲ್ಬಂ ಸತತ ಹತ್ತು ವಾರ ಮೊದಲ ಸ್ಥಾನದಲ್ಲಿತ್ತು, ವರ್ಷದೊಳಗೇ ರೇಡಿಯೊ ಅವರನ್ನು ಮತ್ತೆ ಕರೆದುಕೊಂಡಿತು. ವಾಲನ್ ಕ್ಷಮೆ ಕೇಳಿದ್ದರು ಎನ್ನುವುದನ್ನು ಗಣಿಸಿದರೂ ಈ ಎರಡು ಶಿಕ್ಷೆಗಳ ಅಳತೆ ನನಗೆ ಅನ್ಯಾಯವಾಗಿ ಕಾಣುತ್ತದೆ.

ಜನಾಂಗದ ಗೋಡೆಯ ಇತಿಹಾಸ ಇನ್ನೂ ಹಿಂದಿನದು. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಅಮೆರಿಕದ ದಕ್ಷಿಣ ರಾಜ್ಯಗಳ ಸಂಗೀತವನ್ನು ಎರಡು ಕಪಾಟುಗಳಲ್ಲಿಟ್ಟು ಮಾರಿದವು. ಕಪ್ಪುವರ್ಣೀಯರ ತಟ್ಟೆಗಳಿಗೆ ಒಂದು ಹೆಸರು, ಬಿಳಿಯರ 'ಹಿಲ್‌ಬಿಲಿ' ತಟ್ಟೆಗಳಿಗೆ ಇನ್ನೊಂದು. ನೆಲದ ಮೇಲೆ ಹಾಗಿರಲಿಲ್ಲ. ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಬೆಟ್ಟದೂರುಗಳಲ್ಲಿ ಹಾಡು ಹುಡುಕುತ್ತ ಅಲೆದದ್ದು ಲೆಸ್ಲಿ ರಿಡಲ್ ಎಂಬ ಕಪ್ಪುವರ್ಣೀಯ ಗಿಟಾರ್ ವಾದಕನ ಜೊತೆ. ರಾಗ ನೆನಪಿಟ್ಟುಕೊಳ್ಳುವ ಕೆಲಸ ರಿಡಲ್‌ನದು. ಕಂಟ್ರಿಯ ದೊಡ್ಡ ತಾರೆ ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಸಂಗೀತ ಹೇಳಿಕೊಟ್ಟದ್ದು ಅಲಬಾಮದ ಬೀದಿಗಳಲ್ಲಿ ಹಾಡುತ್ತಿದ್ದ ಕಪ್ಪುವರ್ಣೀಯ ರೂಫಸ್ ಪೇನ್. ಆಪ್ರಿಯ ಆರಂಭದ ದೊಡ್ಡ ಆಕರ್ಷಣೆ ಕಪ್ಪುವರ್ಣೀಯ ಹಾರ್ಮೋನಿಕಾ ವಾದಕ ಡಿಫೋರ್ಡ್ ಬೇಲಿ. 1941ರಲ್ಲಿ ಅವರನ್ನು ತೆಗೆದುಹಾಕಲಾಯಿತು, ಕಂಟ್ರಿಯ ಗೌರವ ಭವನದಲ್ಲಿ ಅವರಿಗೆ ಜಾಗ ಸಿಕ್ಕಿದ್ದು 2005ರಲ್ಲಿ, ತೀರಿಕೊಂಡು ಎರಡು ದಶಕಗಳಾದ ಮೇಲೆ. ವ್ಯಾಪಾರದ ಅನುಕೂಲಕ್ಕೆ ಎದ್ದ ಕಪಾಟಿನ ಗೋಡೆ ಕ್ರಮೇಣ ಸಂಗೀತದ ಸಹಜ ಗುಣವೆಂಬಂತೆ ಕಾಣತೊಡಗಿತು. ಕಪ್ಪುವರ್ಣೀಯ ಗಾಯಕ ಚಾರ್ಲಿ ಪ್ರೈಡ್ 1971ರಲ್ಲಿ ಸಿಎಂಎಯ ಅತ್ಯುನ್ನತ ಪ್ರಶಸ್ತಿ ಗೆದ್ದದ್ದು ಆ ಗೋಡೆಯಲ್ಲಿ ತೆರೆದ ಒಂದು ಕಿಟಕಿ.

ಹೀಗಿರುವಾಗ 2019ರಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಕಪ್ಪುವರ್ಣೀಯ ಹುಡುಗನ 'ಓಲ್ಡ್ ಟೌನ್ ರೋಡ್' ಹಾಡನ್ನು ಬಿಲ್‌ಬೋರ್ಡ್, ಕಂಟ್ರಿಯ ಲಕ್ಷಣ ಸಾಲದು ಎಂದು ಕಂಟ್ರಿ ಪಟ್ಟಿಯಿಂದ ಇಳಿಸಿದಾಗ ಜನ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಬಿಳಿಯ ಗಾಯಕರು ಹಿಪ್‌ಹಾಪ್ ತಾಳ ತಂದರೆ ಅದು ಕಂಟ್ರಿಯ ವಿಸ್ತಾರ, ಕಪ್ಪುವರ್ಣೀಯನು ಬ್ಯಾಂಜೊ ತಂದರೆ ಕಂಟ್ರಿಯಲ್ಲ, ಇದು ಹೇಗೆ? ಆ ಹಾಡು ಹಾಟ್ 100ರ ತುದಿಯಲ್ಲಿ 19 ವಾರ ಇತ್ತು. ಪಾಪ್ ತಾರೆ ಬಿಯಾನ್ಸೆ ಟೆಕ್ಸಸ್‌ನ ಹ್ಯೂಸ್ಟನ್‌ನವರು. 2024ರಲ್ಲಿ ಹಾಟ್ ಕಂಟ್ರಿ ಸಾಂಗ್ಸ್ ಪಟ್ಟಿಯ ತುದಿ ಮುಟ್ಟಿದ ಮೊದಲ ಕಪ್ಪುವರ್ಣೀಯ ಮಹಿಳೆಯಾದರು. ಅವರ 'ಕೌಬಾಯ್ ಕಾರ್ಟರ್' ಆಲ್ಬಂಗೆ ಆ ವರ್ಷ ಸಿಎಂಎಯಿಂದ ಒಂದು ನಾಮನಿರ್ದೇಶನವೂ ಸಿಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೇಳುಗರ ಪರವಾಗಿಯೂ ಮಾತಾಡಬೇಕು, ಏಕೆಂದರೆ ಟೀಕಾಕಾರರು ಅವರನ್ನು ಮಂದಬುದ್ಧಿಯವರೆಂದು ತಳ್ಳಿಹಾಕುವುದನ್ನು ನಾನು ಬಹಳ ಕಂಡಿದ್ದೇನೆ. ಕಂಟ್ರಿಯಲ್ಲಿ ಪದ ಸ್ಪಷ್ಟವಾಗಿ ಕೇಳುತ್ತದೆ, ಮೂರು ನಿಮಿಷದಲ್ಲಿ ಒಂದು ಕಥೆ ಮುಗಿಯುತ್ತದೆ. ಕೆಲಸ, ಮದುವೆ, ಮಕ್ಕಳು, ಮುಪ್ಪು, ದೇವರು, ಅಪ್ಪನ ಹಳೆಯ ಗಾಡಿ ಇವೆಲ್ಲ ಮುಖ್ಯವಾಹಿನಿಯ ಬೇರೆ ಸಂಗೀತದಲ್ಲಿ ಅಪರೂಪ. ರಾಕ್ ಸಂಗೀತ ಪಾಪ್ ಪಟ್ಟಿಗಳಿಂದ ಮರೆಯಾದ ಮೇಲೆ ಗಿಟಾರ್ ಬೇಕೆನ್ನುವವರಿಗೆ ಉಳಿದ ದೊಡ್ಡ ಮನೆಯೂ ಇದೇ. ಡಲ್ಲಾಸ್, ಅಟ್ಲಾಂಟಾ ಕಡೆ ನೆಲೆಸಿದ ಕನ್ನಡಿಗರು ಕಾರಿನ ರೇಡಿಯೊ ತಿರುಗಿಸಿದರೆ ಮೊದಲು ಸಿಗುವ ಕೇಂದ್ರಗಳಲ್ಲಿ ಇದೂ ಒಂದು. ಅರ್ಧ ಗಂಟೆ ಕೇಳಿದರೆ ಪಲ್ಲವಿ ನಾಲಗೆಗೆ ಹತ್ತುತ್ತದೆ. ಕೋಮ್ಸ್ 'ಫಾಸ್ಟ್ ಕಾರ್' ಹಾಡಿದಾಗ ಮೂಲದ ಸಾಲುಗಳನ್ನು ಹೆಣ್ಣಿನ ಮಾತಾಗಿಯೇ ಉಳಿಸಿಕೊಂಡರು. 2023ರ ಕೊನೆಗೆ ಚಾಪ್‌ಮನ್ ಅವರಿಗೆ ಸಿಎಂಎಯ ವರ್ಷದ ಗೀತೆ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಕಪ್ಪುವರ್ಣೀಯ ಗೀತರಚನಕಾರರು ಅವರು. ಬಡತನದಿಂದ ಓಡಿಹೋಗುವ ಆಸೆಯ ಆ ಹಾಡನ್ನು ಕಂಟ್ರಿ ಕೇಳುಗರು ಹೃದಯಕ್ಕೆ ಹಚ್ಚಿಕೊಂಡರು. ಕೇಳುಗರಿಗೆ ಅಂಥ ಹಾಡು ಬೇಡ ಎಂದು ದಶಕಗಳಿಂದ ಹೇಳುತ್ತ ಬಂದದ್ದು ರೇಡಿಯೊ.

ಆ ಮಾತು ಎಷ್ಟು ಪೊಳ್ಳು ಎಂಬುದನ್ನು 2015ರಲ್ಲೇ ಕಾಣಬಹುದಿತ್ತು. ಕ್ರಿಸ್ ಸ್ಟೇಪಲ್ಟನ್ ಎಂಬ, ಅಲ್ಲಿಯವರೆಗೆ ಬೇರೆಯವರಿಗೆ ಹಾಡು ಬರೆದುಕೊಡುತ್ತಿದ್ದ ಗಡ್ಡದ ಗಾಯಕ ಸಿಎಂಎ ವೇದಿಕೆಯಲ್ಲಿ ಜಸ್ಟಿನ್ ಟಿಂಬರ್ಲೇಕ್ ಜೊತೆ ಹಾಡಿದ ಮರುವಾರವೇ ಅವರ ಆಲ್ಬಂ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೆ ಹಾರಿತು. ರೇಡಿಯೊ ಅವರನ್ನು ಹೆಚ್ಚುಕಡಿಮೆ ಕಡೆಗಣಿಸಿತ್ತು. ನೌಕಾಪಡೆಯಲ್ಲಿದ್ದಾಗಲೇ ಫೋನಿನಲ್ಲಿ ಚಿತ್ರೀಕರಿಸಿದ ಹಾಡುಗಳಿಂದ ಬೆಳೆದ ಜಾಕ್ ಬ್ರಯನ್, ಕೆಂಟಕಿಯ ಟೈಲರ್ ಚಿಲ್ಡರ್ಸ್ ಇಬ್ಬರೂ ರೇಡಿಯೊದ ಹಂಗಿಲ್ಲದೆ ಕ್ರೀಡಾಂಗಣಗಳನ್ನು ತುಂಬಿಸುವ ಮಟ್ಟಕ್ಕೆ ಬಂದರು. ಸ್ಟ್ರೀಮಿಂಗ್ ಬರಹಗಾರರ ಅನ್ನ ಕಿತ್ತುಕೊಂಡಿತು, ಗಾಯಕರಿಗೆ ಹಿಂಬಾಗಿಲನ್ನೂ ತೆರೆಯಿತು. ಅದರ ಲೆಕ್ಕಾಚಾರಕ್ಕೂ ತನ್ನದೇ ವಕ್ರತೆ ಇದೆ. 2023ರಲ್ಲಿ ಹಣ ಕಟ್ಟಿದ ಚಂದಾದಾರರ 1,250 ಆಲಿಕೆಗಳು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದು ಆಲ್ಬಂಗೆ ಸಮವಾಗಿದ್ದವು. ಹಾಡು ಹೆಚ್ಚಿದ್ದಷ್ಟೂ ಲೆಕ್ಕ ಬೇಗ ತುಂಬುತ್ತದೆ. ವಾಲನ್ 2023ರ ಆಲ್ಬಂನಲ್ಲಿ 36 ಹಾಡು ಹಾಕಿದ್ದರಲ್ಲಿ ಈ ಲೆಕ್ಕಕ್ಕೂ ಪಾಲಿದೆ ಎಂದು ನನ್ನ ಅಭಿಪ್ರಾಯ. ಅವುಗಳಲ್ಲಿ ಅರ್ಧವನ್ನು ಕೈಬಿಟ್ಟಿದ್ದರೆ ಅದು ಇನ್ನೂ ಒಳ್ಳೆಯ ಆಲ್ಬಂ ಆಗುತ್ತಿತ್ತು. ಹಿಂಬಾಗಿಲಿನಿಂದ ಬಂದ ದೊಡ್ಡ ಹೆಸರುಗಳಲ್ಲೂ ಗಂಡಸರೇ ಹೆಚ್ಚು. ಲೇನಿ ವಿಲ್ಸನ್ 2023ರಲ್ಲಿ ಸಿಎಂಎಯ ಅತ್ಯುನ್ನತ ಪ್ರಶಸ್ತಿ ಗೆದ್ದಾಗ, ಟೇಲರ್ ಸ್ವಿಫ್ಟ್ 2011ರಲ್ಲಿ ಗೆದ್ದ ನಂತರ ಒಬ್ಬ ಮಹಿಳೆಗೆ ಅದು ಸಿಕ್ಕದ್ದು ಅದೇ ಮೊದಲು.

2025ರ ಫೆಬ್ರುವರಿಯಲ್ಲಿ 'ಕೌಬಾಯ್ ಕಾರ್ಟರ್' ಗ್ರ್ಯಾಮಿಯ ಶ್ರೇಷ್ಠ ಕಂಟ್ರಿ ಆಲ್ಬಂ ಪ್ರಶಸ್ತಿಯನ್ನೂ ವರ್ಷದ ಆಲ್ಬಂ ಪ್ರಶಸ್ತಿಯನ್ನೂ ಗೆದ್ದಿತು. ಅದೇ ಜೂನ್‌ನಲ್ಲಿ ರೆಕಾರ್ಡಿಂಗ್ ಅಕಾಡೆಮಿ ಕಂಟ್ರಿ ಆಲ್ಬಂ ಪ್ರಶಸ್ತಿಯನ್ನು ಸಾಂಪ್ರದಾಯಿಕ, ಸಮಕಾಲೀನ ಎಂದು ಎರಡಾಗಿ ಒಡೆಯಿತು. ಸಾಂಪ್ರದಾಯಿಕಕ್ಕೆ ಪಿಟೀಲು, ಬ್ಯಾಂಜೊ, ಸ್ಟೀಲ್ ಗಿಟಾರ್‌ಗಳಂಥ ವಾದ್ಯಗಳ ಲಕ್ಷಣವನ್ನು ಹೇಳುತ್ತಾರೆ. ವೈವಿಧ್ಯಕ್ಕೆ ಜಾಗ ಮಾಡಿದ್ದೇವೆ ಎಂಬುದು ಅಕಾಡೆಮಿಯ ಮಾತು. ಬಿಯಾನ್ಸೆ ಗೆದ್ದ ಬೆನ್ನಿಗೇ ಈ ವಿಂಗಡಣೆ ಬಂದದ್ದನ್ನು ಟೀಕಾಕಾರರು ಸುಮ್ಮನೆ ಬಿಡಲಿಲ್ಲ. ಯಾರ ಬ್ಯಾಂಜೊ ಯಾವ ಕಪಾಟಿಗೆ ಹೋಗುತ್ತದೆ ಎಂಬುದನ್ನು ಈಗ ಪ್ರತಿ ವರ್ಷ ಒಂದು ಸಮಿತಿ ಕೂತು ತೀರ್ಮಾನಿಸಬೇಕಿದೆ.